ಋಷಿಮೂಲ, ನದೀಮೂಲ ಮತ್ತು ಖಲ್ದೂನ್ ಮೂಲ

ಹೋದ ಭಾನುವಾರ ಗೆಳೆಯನೊಬ್ಬನ ಮನೆಯಲ್ಲಿ ಮೂರ್ನಾಲ್ಕು ಜನ ಸೇರಿದ್ದೆವು. ಮಾತು ಎಲ್ಲೆಲ್ಲೋ ಸುತ್ತಿ ಇಬ್ನ್ ಖಲ್ದೂನ್ ಹತ್ತಿರ ಬಂತು. ಎಳೆದು ತಂದವನು ನಾನೇ ಅನ್ನಿ. ಕೆಲವು ತಿಂಗಳಿಂದ ಅವನ ‘ಮುಕದ್ದಿಮಾ’ವನ್ನು ಇಂಗ್ಲಿಷಿನಲ್ಲಿ ಕುಂಟುತ್ತಾ ಓದುತ್ತಿದ್ದೇನೆ, ಸಿಕ್ಕಿದವರಿಗೆಲ್ಲ ಅದನ್ನೇ ಕೊರೆಯುತ್ತಿದ್ದೇನೆ. ಅವತ್ತೂ ಕೊರೆದೆ. 1377ರಲ್ಲಿ, ಈಗಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕೂತು, ರಾಜ್ಯಗಳು ಯಾಕೆ ಹುಟ್ಟುತ್ತವೆ, ಯಾಕೆ ಸಾಯುತ್ತವೆ ಅಂತ ಈ ಮನುಷ್ಯ ಐದೇ ತಿಂಗಳಲ್ಲಿ ಬರೆದ ಕಣ್ರೋ ಅಂದೆ.

ಒಬ್ಬ ಕೇಳಿದ, “ಅವನು ನಿಜವಾಗ್ಲೂ ಅರಬನೇನೋ? ಬರ್ಬರ್ ಅಂತ ಎಲ್ಲೋ ಓದಿದ ನೆನಪು. ಅರಬನಾಗಿದ್ರೆ ಅರಬರ ಬಗ್ಗೆ ಹಾಗೆಲ್ಲ ಬರೀತಿದ್ನಾ?”

ಇನ್ನೊಬ್ಬನಿಗೆ ರೇಗಿತು. “ಸುಮ್ನಿರೋ ಮಾರಾಯ. ಪ್ರವಾದಿಯ ಸಹಚರರ ವಂಶ ಅವರದ್ದು. ಅಪ್ಪಟ ಅರಬ್. ಅಂಥಾ ಮನೆತನದಲ್ಲಿ ಹುಟ್ಟಿದ್ದಕ್ಕೇ ಆ ವಿದ್ಯೆ ಬಂದದ್ದು.”

ಮುಂದಿನ ಒಂದೂವರೆ ಗಂಟೆ ಇದೇ. ಎರಡು ಸುತ್ತು ಟೀ ಆಯ್ತು, ಒಂದು ತಟ್ಟೆ ಚಕ್ಕುಲಿ ಖಾಲಿಯಾಯ್ತು. ಆ ಪುಸ್ತಕದಲ್ಲಿ ಏನಿದೆ ಅಂತ ಒಬ್ಬನೂ ಕೇಳಲಿಲ್ಲ. ಮನೆಗೆ ಬಂದಾಗ ತಲೆ ಬಿಸಿಯಾಗಿತ್ತು. ಆ ಬಿಸಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಖಾರ ಜಾಸ್ತಿಯಾದರೆ ಕ್ಷಮಿಸಿ, ಆದರೆ ಪೂರ್ತಿ ಓದಿ.

ನನ್ನ ಪ್ರಕಾರ ಇಬ್ಬರೂ ಮಾಡಿದ್ದು ಒಂದೇ ತಪ್ಪು. ಮನುಷ್ಯನ ಮಾತಿಗೆ ಉತ್ತರವನ್ನು ಅವನ ಹುಟ್ಟಿನಲ್ಲಿ ಹುಡುಕಿದ್ದು. ಒಬ್ಬ ಅವನ ಮಾತನ್ನು ತಳ್ಳಿಹಾಕಲು ವಂಶ ಕೆದಕಿದ, ಇನ್ನೊಬ್ಬ ತಲೆ ಮೇಲೆ ಹೊರಲು ವಂಶ ಕೆದಕಿದ. ಋಷಿಮೂಲ ನದೀಮೂಲ ಹುಡುಕಬಾರದು ಅನ್ನುತ್ತಾರೆ ನಮ್ಮಲ್ಲಿ. ನಾನು ಹಾಗೆ ಹೇಳುವುದಿಲ್ಲ. ಹುಡುಕಿ, ಧಾರಾಳವಾಗಿ ಹುಡುಕಿ. ಆದರೆ ಅರ್ಧದಲ್ಲಿ ನಿಲ್ಲಿಸಬೇಡಿ. ಖಲ್ದೂನ್ ಮನೆತನದ ಮೂಲವನ್ನು ಕೊನೆವರೆಗೂ ಹುಡುಕಿದರೆ ಸಿಗುವುದು ಅರಬನೂ ಅಲ್ಲ, ಬರ್ಬರನೂ ಅಲ್ಲ. ಏನು ಸಿಗುತ್ತೆ ಅನ್ನೋದನ್ನು ನೋಡೋಣ ಬನ್ನಿ.

* * *

ಮೊದಲು ಮನೆಯವರು ಹೇಳಿಕೊಂಡದ್ದು. ಇಬ್ನ್ ಖಲ್ದೂನ್ ಹುಟ್ಟಿದ್ದು 1332ರಲ್ಲಿ, ಟ್ಯೂನಿಸ್ ನಗರದಲ್ಲಿ. ಆದರೆ ಹೆಸರಿನ ಕೊನೆಗೆ ‘ಅಲ್ ಹದ್ರಮಿ’ ಅಂತ ಇದೆ, ಅಂದರೆ ಹದ್ರಮೌತಿನವನು. ಹದ್ರಮೌತ್ ಇರುವುದು ಯೆಮನ್ನಿನಲ್ಲಿ, ಅರಬ್ಬೀ ಸಮುದ್ರದ ಆಚೆ ದಡದಲ್ಲಿ. (ನಮಗೂ ಈ ಊರು ಪೂರ್ತಿ ಅಪರಿಚಿತ ಅಲ್ಲ. ನಿಜಾಮರ ಸೈನ್ಯದಲ್ಲಿದ್ದ ಅರಬ್ ಸಿಪಾಯಿಗಳಲ್ಲಿ ಬಹಳ ಜನ ಬಂದದ್ದು ಅಲ್ಲಿಂದಲೇ. ಹೈದರಾಬಾದಿನ ಬಾರ್ಕಸ್ ಬಡಾವಣೆಯಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ.)

ಈ ಮನೆತನದ ಮೂಲಪುರುಷ ವಾಯಿಲ್ ಇಬ್ನ್ ಹುಜ್ರ್. ಹದ್ರಮೌತಿನ ಪಾಳೆಯಗಾರ ಅನ್ನಬಹುದು. ಅವನು ಮದೀನಕ್ಕೆ ಹೋದಾಗ ಪ್ರವಾದಿ ಮುಹಮ್ಮದರು ತಮ್ಮ ಹೊದಿಕೆಯನ್ನೇ ಹಾಸಿ ಕೂರಿಸಿ, ಅವನಿಗೂ ಅವನ ಮಕ್ಕಳು ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ ಅಂತ ಹರಸಿದರು ಅಂತ ಕಥೆ. ಇದೇ ವಾಯಿಲ್ ಬಗ್ಗೆ ಇನ್ನೊಂದು ಕಥೆಯೂ ಇದೆ. ಅವನು ಊರಿಗೆ ಮರಳುವಾಗ ಜೊತೆಗೆ ಮುಆವಿಯಾ ಎಂಬ ಹುಡುಗನನ್ನು ಕಳಿಸಿದ್ದರು. ಸುಡುವ ಮರಳಿನಲ್ಲಿ ನಡೆಯಲಾಗದೆ ಹುಡುಗ ಒಂಟೆಯ ಮೇಲೆ ಹಿಂದೆ ಕೂರಿಸಿಕೋ ಅಂತ ಕೇಳಿದರೆ, ರಾಜರ ಹಿಂದೆ ಕೂರುವ ಯೋಗ್ಯತೆ ನಿನಗಿಲ್ಲ ಅಂದನಂತೆ ವಾಯಿಲ್. ಕಾಲಿಗೆ ಚಪ್ಪಲಿಯನ್ನೂ ಕೊಡಲಿಲ್ಲವಂತೆ. ಆ ಹುಡುಗ ಮುಂದೆ 661ರಲ್ಲಿ ಖಲೀಫನಾದ! ಉಮಯ್ಯದ್ ರಾಜವಂಶವನ್ನೇ ಕಟ್ಟಿದ. ಒಂಟೆಯ ಮೇಲೆ ಕೂತ ವಂಶಕ್ಕೂ ಮರಳಿನಲ್ಲಿ ನಡೆದ ವಂಶಕ್ಕೂ ಮುಂದೆ ಏನೇನಾಯ್ತು ಅನ್ನೋದು ಆ ದಿನ ಒಂಟೆಗೂ ಗೊತ್ತಿರಲಿಲ್ಲ. :)

ಇರಲಿ. ವಾಯಿಲ್‌ನ ವಂಶದಲ್ಲಿ ಖಾಲಿದ್ ಅನ್ನುವವನೊಬ್ಬ ಸ್ಪೇನಿಗೆ ಹೋದ. ಆಗ ಅದರ ಹೆಸರು ಅಲ್ ಅಂದಲೂಸ್. ಖಾಲಿದ್ ಅಲ್ಲಿಯವರ ಬಾಯಲ್ಲಿ ಖಲ್ದೂನ್ ಆದ. ಜೈದ್ ಜೈದೂನ್ ಆದ ಹಾಗೆ, ಹಫ್ಸ್ ಹಫ್ಸೂನ್ ಆದ ಹಾಗೆ. ಮೊದಲು ಕರ್ಮೋನಾ ಊರು, ಆಮೇಲೆ ಸೆವಿಲ್. ಇದಕ್ಕೆ ಆಧಾರ 11ನೇ ಶತಮಾನದ ಇಬ್ನ್ ಹಜ್ಮ್ ಬರೆದ ಅರಬರ ವಂಶಾವಳಿಗಳ ಪುಸ್ತಕ. ಅದರಲ್ಲಿ ವಾಯಿಲ್‌ನಿಂದ ಖಲ್ದೂನ್‌ವರೆಗೆ ಏಳು ಮೆಟ್ಟಿಲು ಕೊಟ್ಟಿದೆ.

ಈಗ ಗಮನಿಸಿ. ಇಬ್ನ್ ಖಲ್ದೂನ್ ತನ್ನ ಆತ್ಮಚರಿತ್ರೆಯ ಆರಂಭದಲ್ಲೇ ತನ್ನಿಂದ ಹಿಂದಕ್ಕೆ ಖಲ್ದೂನ್‌ವರೆಗೆ ಹತ್ತು ಪೂರ್ವಜರ ಹೆಸರು ಕೊಡುತ್ತಾನೆ. ಕೊಟ್ಟ ತಕ್ಷಣ ತಾನೇ ಅದನ್ನು ಅನುಮಾನಿಸುತ್ತಾನೆ. ನನಗೆ ನೆನಪಿರುವುದು ಈ ಹತ್ತೇ ಹೆಸರು, ಆದರೆ ಇಷ್ಟೇ ಇರಲಾರದು, ಬಹುಶಃ ಇನ್ನೂ ಅಷ್ಟೇ ಹೆಸರು ಬಿಟ್ಟುಹೋಗಿವೆ ಅನ್ನುತ್ತಾನೆ. ಯಾಕೆಂದರೆ ಖಲ್ದೂನ್ ಅಂದಲೂಸಿಗೆ ಬಂದದ್ದು ಮೊದಲ ದಂಡಯಾತ್ರೆಯ ಕಾಲದಲ್ಲಿ ಅಂತಾದರೆ ಈಗ 700 ವರ್ಷವಾಯ್ತು, ನೂರು ವರ್ಷಕ್ಕೆ ಮೂರು ತಲೆಮಾರು ಅಂದರೂ ಇಪ್ಪತ್ತಾಗಬೇಕಲ್ಲ ಅಂತ ಅವನ ಲೆಕ್ಕ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತನ್ನ ಮನೆಯ ವಂಶವೃಕ್ಷವನ್ನು ಬರೆದು, ಅದರ ಕೆಳಗೇ ಇದರಲ್ಲಿ ಅರ್ಧ ಕಾಣೆಯಾಗಿದೆ ಅಂತ ಷರಾ ಬರೆದವರನ್ನು ನೀವು ಎಷ್ಟು ಜನ ನೋಡಿದ್ದೀರಿ?

ಈ ನೂರಕ್ಕೆ ಮೂರರ ಲೆಕ್ಕ ಅವನು ತನಗಾಗಿ ಹೊಸೆದದ್ದಲ್ಲ. ಮುಕದ್ದಿಮಾದಲ್ಲಿ ಹಳೆಯ ಇತಿಹಾಸಕಾರರನ್ನು ತರಾಟೆಗೆ ತೆಗೆದುಕೊಳ್ಳುವಾಗ ಬಳಸಿದ್ದೂ ಇಂಥದೇ ಲೆಕ್ಕ. ಮೋಸೆಸ್ ಜೊತೆ ಆರು ಲಕ್ಷ ಸೈನಿಕರಿದ್ದರು ಅಂತ ಹಿಂದಿನವರು ಬರೆದಿದ್ದರು. ಯಾಕೋಬನಿಂದ ಮೋಸೆಸ್‌ವರೆಗೆ ನಾಲ್ಕೇ ತಲೆಮಾರು, ನಾಲ್ಕು ತಲೆಮಾರಿನಲ್ಲಿ ಒಂದು ಕುಟುಂಬ ಆರು ಲಕ್ಷ ಗಂಡಸರಾಗಿ ಬೆಳೆಯುತ್ತದೆಯೇ ಅಂತ ಅವನ ಪ್ರಶ್ನೆ. ಯೆಮನ್ನಿನ ರಾಜರು ದಂಡು ಕಟ್ಟಿಕೊಂಡು ಮೊರಾಕ್ಕೋವರೆಗೆ ಹೋಗಿ ಗೆದ್ದರು ಅನ್ನುವ ಕಥೆಯನ್ನೂ ಹೀಗೇ ಹರಿದುಹಾಕಿದ. ಸೂಯೆಜ್ ಬಳಿಯ ಆ ಕಿರಿದಾದ ದಾರಿಯಲ್ಲಿ ಅಷ್ಟು ದೊಡ್ಡ ಸೈನ್ಯ ಹೋದದ್ದು ಅಲ್ಲಿ ಆಳುತ್ತಿದ್ದವರಿಗೆ ಗೊತ್ತೇ ಆಗಲಿಲ್ಲವಾ ಅಂತ. ನೆನಪಿಡಿ, ಅದು ಅವನದೇ ಯೆಮನ್ನಿನ ಹೊಗಳಿಕೆಯ ಕಥೆ. ಊರಿನವರಿಗೆಲ್ಲ ಹಿಡಿದ ಅಳತೆಗೋಲನ್ನು ಮನೆಗೆ ತಂದು ತನ್ನ ಅಜ್ಜಂದಿರಿಗೂ ಹಿಡಿದ. ಅದಕ್ಕೇ ಅವನು ದೊಡ್ಡವನು. ವಾಯಿಲ್‌ನ ರಕ್ತಕ್ಕಲ್ಲ.

ಅವನು ಹಾಕದೇ ಬಿಟ್ಟ ಒಂದು ಲೆಕ್ಕವನ್ನು ನಾವು ಹಾಕೋಣ. ವಾಯಿಲ್ ಮದೀನಕ್ಕೆ ಹೋದದ್ದು 630ರ ಆಸುಪಾಸು. ಅಲ್ಲಿಂದ ಖಲ್ದೂನ್‌ಗೆ ಏಳು ಮೆಟ್ಟಿಲು. ನೂರಕ್ಕೆ ಮೂರರಂತೆ ಸುಮಾರು 230 ವರ್ಷ. ಅಂದರೆ ಖಲ್ದೂನ್ ಬರಬೇಕಾದದ್ದು 9ನೇ ಶತಮಾನದಲ್ಲಿ. ಆದರೆ ಅರಬರ ಮೊದಲ ದಂಡು ಸ್ಪೇನಿಗೆ ಇಳಿದದ್ದು 711ರಲ್ಲಿ! ಖಲ್ದೂನ್ ಆ ಕಾಲಕ್ಕೇ ಬಂದ ಅನ್ನುವುದಾದರೆ 80 ವರ್ಷದಲ್ಲಿ ಏಳು ತಲೆಮಾರು ಹುಟ್ಟಿ ಬೆಳೆಯಬೇಕು. ತಡವಾಗಿ ಬಂದ ಅನ್ನುವುದಾದರೆ ಮೊದಲ ವಿಜೇತರ ಜೊತೆ ಬಂದೆವು ಅನ್ನುವ ಹೆಮ್ಮೆ ಹೋಗುತ್ತದೆ. ಮೇಲಿನ ಪಟ್ಟಿ ಉದ್ದವಾಯ್ತು, ಇಲ್ಲವೇ ಕೆಳಗಿನ ಪಟ್ಟಿ ಗಿಡ್ಡವಾಯ್ತು. ಹೇಗೆ ಜಗ್ಗಿದರೂ ಎರಡೂ ಒಟ್ಟಿಗೆ ತಾಳೆಯಾಗುವುದಿಲ್ಲ.

“ನೋಡಿದ್ಯಾ, ಹಾಗಾದ್ರೆ ಅರಬನಲ್ಲ!” ಅಂತ ನನ್ನ ಮೊದಲ ಗೆಳೆಯ ಕುಣಿಯುವ ಮೊದಲೇ ಹೇಳಿಬಿಡುತ್ತೇನೆ. ಹಾಗಲ್ಲ. ಪಟ್ಟಿಯಲ್ಲಿ ತೂತಿದೆ ಅಂದರೆ ಪಟ್ಟಿಯಲ್ಲಿ ತೂತಿದೆ ಅಂತ ಅಷ್ಟೇ ಅರ್ಥ. ಆ ತೂತಿನಿಂದ ಒಬ್ಬ ಬರ್ಬರ್ ಅಜ್ಜನನ್ನು ಎಳೆದು ತರಲು ಬೇರೆ ಸಾಕ್ಷಿ ಬೇಕು. 20ನೇ ಶತಮಾನದಲ್ಲಿ ಈಜಿಪ್ಟಿನ ಇತಿಹಾಸಕಾರ ಮುಹಮ್ಮದ್ ಅಬ್ದುಲ್ಲಾ ಇನಾನ್ ಈ ವಂಶಾವಳಿಯನ್ನು ಗಟ್ಟಿಯಾಗಿಯೇ ಅನುಮಾನಿಸಿದ. ಅನುಮಾನ ಸರಿ. ಆದರೆ ಇಬ್ನ್ ಹಜ್ಮ್‌ನ ಕಾಲದಿಂದ ಇಬ್ನ್ ಖಲ್ದೂನ್‌ನ ಕಾಲದವರೆಗೆ ಮುನ್ನೂರು ವರ್ಷ ಈ ಮನೆಯವರು ತಮ್ಮನ್ನು ಹದ್ರಮಿ ಅರಬರು ಅಂತ ಕರೆದುಕೊಂಡರು, ಊರೂ ಒಪ್ಪಿತ್ತು, ಅರಬ್ಬಿಯಲ್ಲೇ ಬರೆದರು, ಬದುಕಿದರು. ಅರಬ್ ಆಗಲು ಇನ್ನೇನು ಬೇಕು ಸ್ವಾಮಿ? ಅದಕ್ಕಿಂತ ಹೆಚ್ಚಿನದನ್ನು ಕೇಳುವವರು ಜನರನ್ನು ಬಿಟ್ಟು ಹಸುಕುದುರೆಗಳ ತಳಿ ನೋಡುವ ಕೆಲಸಕ್ಕೆ ಹೋಗಬಹುದು.

* * *

ಈಗ ಸೆವಿಲ್‌ಗೆ ಬನ್ನಿ. ವಂಶ ಅನ್ನುವುದು ಗೋಡೆಗೆ ತೂಗುಹಾಕುವ ಪಟ ಮಾತ್ರ ಆಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದರಿಂದ ಜನ ಸಾಯುತ್ತಾರೆ.

9ನೇ ಶತಮಾನದ ಕೊನೆಯಲ್ಲಿ, ಕೊರ್ದೊಬಾದ ಅಮೀರ್ ಅಬ್ದುಲ್ಲಾನ ಹಿಡಿತ ಸಡಿಲವಾಗಿದ್ದ ಕಾಲ. ಸೆವಿಲ್‌ನಲ್ಲಿ ಎರಡು ದೊಡ್ಡ ಅರಬ್ ಮನೆತನಗಳು, ಖಲ್ದೂನರು ಮತ್ತು ಹಜ್ಜಾಜರು. ಅವರ ಎದುರು ಮುವಲ್ಲದ್ ಮನೆತನಗಳು, ಅಂದರೆ ಇಸ್ಲಾಮಿಗೆ ಸೇರಿದ ಸ್ಥಳೀಯ ಸ್ಪೇನಿಗರು. ಅವರಲ್ಲೂ ಹಣವಿತ್ತು, ನಮಾಜೂ ಇತ್ತು, ಅರಬ್ಬಿಯೂ ಬರುತ್ತಿತ್ತು. ಇಲ್ಲದ್ದು ಒಂದೇ, ಅರಬ್ ಅಜ್ಜ. ಖಲ್ದೂನ್ ಮನೆತನದ ಕುರೈಬ್ ಅನ್ನುವವನ ಮುಂದಾಳತ್ವದಲ್ಲಿ ದಂಗೆಯಾಯ್ತು, ಸೆವಿಲ್‌ನ ಮುವಲ್ಲದರ ಕಗ್ಗೊಲೆಯಾಯ್ತು. ಊರು ಅರಬರ ಕೈಗೆ ಬಂತು. ಆಮೇಲೆ? 899ರಲ್ಲಿ ಅದೇ ಕುರೈಬನನ್ನು ಅವನ ಜೊತೆಗಾರ ಇಬ್ರಾಹಿಂ ಇಬ್ನ್ ಹಜ್ಜಾಜನೇ ಮುಗಿಸಿ ಊರಿನ ಒಡೆಯನಾದ.

ಈಗ ಕುತೂಹಲದ ವಿಷಯ ಕೇಳಿ. ಈ ಹಜ್ಜಾಜರು, ಅಪ್ಪಟ ಅರಬ್ ರಕ್ತದ ಹೆಸರಿನಲ್ಲಿ ಸ್ಥಳೀಯರನ್ನು ಕೊಂದವರು, ಯಾರ ಮಕ್ಕಳು ಗೊತ್ತಾ? ಸಾರಾ ಅನ್ನುವ ಹೆಂಗಸಿನ ವಂಶದವರು. ಅರಬರು ಬರುವ ಸ್ವಲ್ಪ ಮೊದಲು ಸ್ಪೇನನ್ನು ಆಳಿದ ಗಾಥ್ ದೊರೆ ವಿಟಿಜಾನ ಮೊಮ್ಮಗಳು ಸಾರಾ. ಆಕೆ ಮದುವೆಯಾದದ್ದು ಉಮೈರ್ ಅನ್ನುವ ಅರಬನನ್ನು. ಇದನ್ನು ಬರೆದಿಟ್ಟವನು ಅದೇ ಸಾರಾಳ ಇನ್ನೊಂದು ಕವಲಿನಲ್ಲಿ ಹುಟ್ಟಿದ ಇತಿಹಾಸಕಾರ. ಅವನ ಹೆಸರೇ ಇಬ್ನುಲ್ ಕೂತಿಯಾ, ಅಂದರೆ ಗಾಥ್ ಹೆಂಗಸಿನ ಮಗ. ಅಂದರೆ ಕೊಂದವರ ಮೈಯಲ್ಲೂ ಸತ್ತವರ ನೆಲದ ರಕ್ತವೇ ಇತ್ತು. ಒಂದೇ ವ್ಯತ್ಯಾಸ, ಅದು ತಾಯಿಯ ಕಡೆಯಿಂದ ಬಂದದ್ದು. ತಾಯಿಯ ಕಡೆಯದ್ದು ಲೆಕ್ಕಕ್ಕಿಲ್ಲ.

ತಾಯಿಯರ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ನಿಮಗೆ ಇಬ್ಬರು ಅಪ್ಪ ಅಮ್ಮ, ನಾಲ್ವರು ಅಜ್ಜ ಅಜ್ಜಿ, ಎಂಟು ಮುತ್ತಜ್ಜ ಮುತ್ತಜ್ಜಿ. ಹೀಗೇ ದುಪ್ಪಟ್ಟು ಮಾಡುತ್ತಾ ಇಪ್ಪತ್ತನೇ ತಲೆಮಾರಿಗೆ ಹೋದರೆ 10,48,576 ಜಾಗಗಳು. ಒಬ್ಬರೇ ಎರಡು ಮೂರು ಜಾಗದಲ್ಲಿ ಬರುತ್ತಾರೆ, ಸೋದರಮಾವನ ಮಗಳು, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಇದ್ದರಂತೂ ಇನ್ನೂ ಹೆಚ್ಚು. ಎಷ್ಟೇ ಕಳೆದರೂ ಸಾವಿರಾರು ಜನ ಉಳಿಯುತ್ತಾರೆ. ಅಷ್ಟು ಜನರಲ್ಲಿ ಒಬ್ಬನನ್ನು ಹಿಡಿದು ನಾನು ಇವನ ವಂಶ ಅನ್ನುವುದು ವಂಶಾವಳಿ. ಉಳಿದವರ ಗತಿ? ಇಬ್ನ್ ಖಲ್ದೂನ್ ಹತ್ತು ಗಂಡಸರ ಹೆಸರು ಬರೆದ, ಇನ್ನೂ ಹತ್ತು ಬಿಟ್ಟುಹೋಗಿವೆ ಅಂತ ಕೊರಗಿದ. ಹೆತ್ತ ತಾಯಿಯ ಹೆಸರು ಬರೆಯಲಿಲ್ಲ. 1384ರಲ್ಲಿ ಟ್ಯೂನಿಸ್‌ನಿಂದ ಅವನ ಹೆಂಡತಿ ಮಕ್ಕಳು ಈಜಿಪ್ಟಿಗೆ ಬರುತ್ತಿದ್ದ ಹಡಗು ಮುಳುಗಿತು. ಆ ದುಃಖವನ್ನು ಬರೆದ, ಹೆಂಡತಿಯ ಹೆಸರು ಬರೆಯಲಿಲ್ಲ. ಎಷ್ಟು ದೊಡ್ಡ ಮನುಷ್ಯನಾದರೇನು, ಇದು ತಪ್ಪೇ.

ನಮ್ಮ ಮನೆಯಲ್ಲೂ ಒಂದು ವಂಶಾವಳಿ ಇದೆ. ಅಜ್ಜ ಹಳದಿ ಬಿದ್ದ ಹಾಳೆಯಲ್ಲಿ ಕೊಳವೆ ಕೊಳವೆಯಾಗಿ ಬರೆದು ಅದಕ್ಕೆ ಕಟ್ಟು ಹಾಕಿಸಿದ್ದು. ಅವತ್ತು ರಾತ್ರಿ ತೆಗೆದು ನೋಡಿದೆ. ಒಬ್ಬ ಹೆಂಗಸೂ ಇಲ್ಲ. ಅಮ್ಮನಿಗೆ ಫೋನ್ ಮಾಡಿ, ನಿನ್ನ ಅಜ್ಜಿಯ ಅಮ್ಮನ ಹೆಸರೇನಮ್ಮಾ ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು “ಗೊತ್ತಿಲ್ಲಪ್ಪ, ಯಾರೂ ಹೇಳಲಿಲ್ಲ” ಅಂದಳು.

* * *

ಮುಂದೆ ಹೋಗೋಣ. ಸೆವಿಲ್ 1248ರಲ್ಲಿ ಕ್ಯಾಸ್ಟೀಲಿನ ದೊರೆ ಮೂರನೇ ಫರ್ಡಿನಾಂಡನ ವಶವಾಯ್ತು. ಅದು ಬೀಳುವ ಮೊದಲೇ ಖಲ್ದೂನರು ಸ್ಯೂಟಾಕ್ಕೆ, ಅಲ್ಲಿಂದ ಟ್ಯೂನಿಸ್ ರಾಜ್ಯಕ್ಕೆ ಹೋದರು. ಅಲ್ಲಿ ಆಳುತ್ತಿದ್ದವರು ಹಫ್ಸಿದ್ ದೊರೆಗಳು. ಇವರು ಬರ್ಬರರು, ಆದರೆ ನಾವು ಖಲೀಫ ಉಮರ್ ವಂಶದವರು ಅಂತ ಹೇಳಿಕೊಂಡವರು! ಅಲ್ಲಿ ಖಲ್ದೂನರಿಗೆ ಮಣೆ ಹಾಕಿದ್ದಕ್ಕೆ ಕಾರಣ ವಾಯಿಲ್‌ನ ಹೊದಿಕೆಯೊಂದೇ ಅಲ್ಲ. ಹಿಂದೆ ಹಫ್ಸಿದ್ ದೊರೆ ಸೆವಿಲ್‌ನಲ್ಲಿದ್ದಾಗ, ಖಲ್ದೂನರ ನೆಂಟಸ್ತಿಕೆಯ ಒಬ್ಬ ಅವನಿಗೆ ಗಲೀಸಿಯಾದಿಂದ ಸೆರೆಹಿಡಿದು ತಂದ ದಾಸಿಯೊಬ್ಬಳನ್ನು ಕಾಣಿಕೆ ಕೊಟ್ಟಿದ್ದ. ಅವಳು ಅವನ ಮಕ್ಕಳ ತಾಯಿಯಾದಳು. ಆ ಋಣವೂ ಇತ್ತು. ನೋಡಿ, ಇಲ್ಲೂ ಒಬ್ಬ ಹೆಂಗಸು, ಇಲ್ಲೂ ವಂಶಾವಳಿಯ ಹೊರಗೆ.

ಇಬ್ನ್ ಖಲ್ದೂನ್‌ನ ಮುತ್ತಜ್ಜ ಅಬೂ ಬಕ್ರ್ ಟ್ಯೂನಿಸ್‌ನಲ್ಲಿ ಹಣಕಾಸಿನ ಮಂತ್ರಿಯಾಗಿದ್ದ. ಆಗ ಇಬ್ನ್ ಅಬೀ ಉಮಾರಾ ಅನ್ನುವವನೊಬ್ಬ ಬಂದ. ದರ್ಜಿ ಕೆಲಸ ಮಾಡಿಕೊಂಡಿದ್ದವನು. ಸತ್ತುಹೋದ ಹಫ್ಸಿದ್ ರಾಜಕುಮಾರನ ಚಹರೆ ಅವನಲ್ಲಿತ್ತಂತೆ. ಅರಮನೆಯ ಹಳೇ ಸೇವಕನೊಬ್ಬ ಅವನನ್ನು ನೋಡಿ ಇವನೇ ಆ ರಾಜಕುಮಾರ ಅಂತ ಸಾರಿದ. ದಂಡು ಕೂಡಿತು, 1283ರಲ್ಲಿ ದರ್ಜಿ ಸಿಂಹಾಸನ ಹತ್ತಿದ. ನಿಜವಾದ ವಂಶದ ಅಬೂ ಬಕ್ರ್‌ನ ಆಸ್ತಿ ಕಿತ್ತುಕೊಂಡು, ಚಿತ್ರಹಿಂಸೆ ಕೊಟ್ಟು, ಕುತ್ತಿಗೆ ಹಿಸುಕಿ ಕೊಲ್ಲಿಸಿದ. 1284ರಲ್ಲಿ ಅವನ ಆಟವೂ ಮುಗಿಯಿತು ಅನ್ನಿ. ಆದರೆ ಆ ಒಂದೂವರೆ ವರ್ಷ ಸುಳ್ಳು ಅಜ್ಜನಿಗೆ ಇಡೀ ರಾಜ್ಯ ತಲೆಬಾಗಿತ್ತು, ನಿಜವಾದ ಅಜ್ಜ ಯಾರನ್ನೂ ಉಳಿಸಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನು ಇಬ್ನ್ ಖಲ್ದೂನ್. ಅವನ ಅಪ್ಪ ಆಸ್ಥಾನದ ಸಹವಾಸವೇ ಬೇಡ ಅಂತ ಓದು ಬರಹಕ್ಕೆ ತಿರುಗಿದವನು. 1348-49ರ ಮಹಾಮಾರಿ ಪ್ಲೇಗಿನಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಹುಡುಗನಿಗೆ ಆಗ ಹದಿನೇಳರ ಆಸುಪಾಸು. ಆ ಹುಡುಗ ಬೆಳೆದು ವಂಶದ ಬಗ್ಗೆ ಏನು ಬರೆದ? ವಂಶ ಅನ್ನುವುದು ಮನಸ್ಸಿನ ಕಲ್ಪನೆ, ಅದಕ್ಕೆ ತನ್ನದೇ ಆದ ಅಸ್ತಿತ್ವ ಇಲ್ಲ, ಜನರನ್ನು ಒಬ್ಬರಿಗೊಬ್ಬರು ಆಗುವಂತೆ ಬೆಸೆಯುತ್ತದಲ್ಲ, ಅಷ್ಟೇ ಅದರ ಪ್ರಯೋಜನ ಅಂತ. ಅಪ್ಪಟ ವಂಶ ಬೇರೆ ಯಾರೂ ಹೋಗಲು ಬಯಸದ ಮರುಭೂಮಿಯಲ್ಲಿ ಮಾತ್ರ ಉಳಿಯಬಹುದು, ಊರುಗಳಲ್ಲಿ ಎಲ್ಲ ಬೆರೆತುಹೋಗುತ್ತದೆ ಅಂತ. ಮನೆತನದ ಘನತೆ ನಾಲ್ಕು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲ ಅಂತಲೂ ಹೇಳಿದ. ಕಟ್ಟಿದವನು, ಕಟ್ಟಿದವನನ್ನು ಕಂಡು ಕಲಿತವನು, ಬರೀ ಅನುಕರಿಸಿದವನು, ಕೊನೆಗೆ ಇದೆಲ್ಲ ನನ್ನ ಹುಟ್ಟಿನಿಂದ ಬಂದದ್ದು ಅಂತ ನಂಬಿ ಹಾಳುಮಾಡುವವನು. ಹದ್ರಮೌತಿನ ಅಜ್ಜನನ್ನು ಹೆಸರಿಗೆ ಅಂಟಿಸಿಕೊಂಡವನು ಬರೆದ ಮಾತು ಇದು.

ತ್ಲೆಮ್ಸೆನ್ ರಾಜ್ಯ ಕಟ್ಟಿದ ಬರ್ಬರ್ ನಾಯಕ ಯಘ್ಮುರಾಸನ್ ಕಥೆಯನ್ನು ಅವನು ಖುಷಿಯಿಂದ ಹೇಳುತ್ತಾನೆ. ಹೊಗಳುಭಟರು ಬಂದು ನಿಮ್ಮದು ಪ್ರವಾದಿಯ ವಂಶ ಅಂದರಂತೆ. ಆತ ತನ್ನ ಭಾಷೆಯಲ್ಲೇ, ಅದು ನಿಜವಾದರೆ ದೇವರ ಹತ್ತಿರ ಉಪಯೋಗಕ್ಕೆ ಬಂದೀತು, ಈ ರಾಜ್ಯ ಮಾತ್ರ ನಮ್ಮ ಕತ್ತಿಯಿಂದ ಬಂದದ್ದು ಅನ್ನುವ ಅರ್ಥದ ಮಾತು ಹೇಳಿ ಕಳಿಸಿದನಂತೆ. ಶಹಭಾಸ್!

* * *

ಆದರೆ ಇಬ್ನ್ ಖಲ್ದೂನ್‌ಗೂ ನಾನು ರಿಯಾಯಿತಿ ಕೊಡುವುದಿಲ್ಲ. ಈಜಿಪ್ಟಿನಲ್ಲಿ ಆಳಿದ ಫಾತಿಮಿದ್ ಖಲೀಫರ ವಂಶ ಸುಳ್ಳು ಅಂತ 1011ರಲ್ಲಿ ಬಾಗ್ದಾದಿನ ಅಬ್ಬಾಸಿದ್ ಖಲೀಫ ಒಂದು ಘೋಷಣೆಗೆ ದೊಡ್ಡ ದೊಡ್ಡ ವಿದ್ವಾಂಸರ ಸಹಿ ಹಾಕಿಸಿದ್ದ. ಇಬ್ನ್ ಖಲ್ದೂನ್ ಅದನ್ನು ಒಪ್ಪದೆ ಫಾತಿಮಿದರ ಪರ ವಾದ ಮಾಡುತ್ತಾನೆ. ಅವನ ವಾದಗಳಲ್ಲಿ ಒಂದು, ವಂಶ ಸುಳ್ಳಾಗಿದ್ದರೆ ಅವರ ರಾಜ್ಯ 270 ವರ್ಷ ನಿಲ್ಲುತ್ತಿತ್ತೇ ಅಂತ. ಅಲ್ಲಯ್ಯಾ, ರಾಜ್ಯ ನಿಲ್ಲುವುದು ಒಗ್ಗಟ್ಟಿನಿಂದ ಅಂತ ನೂರಾರು ಪುಟ ಬರೆದವನು ನೀನೇ ಅಲ್ವಾ? ಒಗ್ಗಟ್ಟಿದ್ದರೆ ಸುಳ್ಳು ಅಜ್ಜನ ಹೆಸರಲ್ಲೂ 270 ವರ್ಷ ಆಳಬಹುದು. ನಿನ್ನ ಮುತ್ತಜ್ಜನನ್ನು ಕೊಂದ ದರ್ಜಿಗೆ ಒಂದೂವರೆ ವರ್ಷವಾದರೂ ಸಿಕ್ಕಿತಲ್ಲ. ಇಲ್ಲಿ ಅವನ ಅಳತೆಗೋಲು ಬಾಗಿದೆ. ಯಾಕೆ ಬಾಗಿತೋ ಅವನಿಗೇ ಗೊತ್ತು. ವಂಶ ಅನ್ನುವ ಮದ್ದು ಎಷ್ಟು ಗಟ್ಟಿ ಅಂದರೆ ಅದರ ಗುಟ್ಟು ಬಲ್ಲವನಿಗೂ ಒಮ್ಮೊಮ್ಮೆ ತಲೆಗೇರುತ್ತದೆ.

ಈ ತಕರಾರು ತೆಗೆಯಲು ನನಗೆ ಅವನ ಜಾತಕ ಬೇಕಾಗಲಿಲ್ಲ ಅನ್ನೋದನ್ನು ಗಮನಿಸಿ. ಅವನ ಪುಸ್ತಕ ಸಾಕಾಯ್ತು.

ಇನ್ನು ನನ್ನ ಗೆಳೆಯನ ‘ಅರಬನಾಗಿದ್ರೆ ಹಾಗೆ ಬರೀತಿದ್ನಾ’. ಹೌದು, ಅರಬರು ಹಿಡಿದ ನಾಡು ಬೇಗ ಹಾಳಾಗುತ್ತದೆ, ರಾಜ್ಯ ನಡೆಸುವ ಕೆಲಸಕ್ಕೆ ಅವರಷ್ಟು ದೂರದವರು ಇಲ್ಲ ಅಂತೆಲ್ಲ ಮುಕದ್ದಿಮಾದಲ್ಲಿದೆ. ಆದರೆ ಅಲ್ಲಿ ಬಹಳ ಕಡೆ ‘ಅರಬ್’ ಅಂದರೆ ಒಂಟೆ ಕಟ್ಟಿಕೊಂಡು ಅಲೆಯುವ ಜನ. ಅಂಥ ಬದುಕಿನವರು ಯಾರು ಅಂತ ಹೇಳುವಾಗ ಅರಬರ ಜೊತೆಗೇ ಅಲೆಮಾರಿ ಬರ್ಬರರನ್ನೂ ಕುರ್ದರನ್ನೂ ತುರ್ಕರನ್ನೂ ಸೇರಿಸುತ್ತಾನೆ. ಅವನ ಕಣ್ಣ ಮುಂದಿದ್ದದ್ದು 11ನೇ ಶತಮಾನದಲ್ಲಿ ಉತ್ತರ ಆಫ್ರಿಕಾಕ್ಕೆ ನುಗ್ಗಿದ ಬನೂ ಹಿಲಾಲ್, ಬನೂ ಸುಲೈಮ್ ಬುಡಕಟ್ಟುಗಳು. ಸಿರಿಯಾ ಮೂಲದ ಚಿಂತಕ ಸಾತಿ ಅಲ್ ಹುಸ್ರಿ ಈ ಪದದ ಅರ್ಥವನ್ನು ಬಿಡಿಸಿ ಬಿಡಿಸಿ ತೋರಿಸಿದ. ಯಾರು ಕೇಳಬೇಕು? 1930ರ ದಶಕದ ಇರಾಕಿನಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದ ಸಾಮಿ ಶೌಕತ್, ಇಬ್ನ್ ಖಲ್ದೂನ್‌ನ ಪುಸ್ತಕ ಸುಡಬೇಕು, ಗೋರಿ ಅಗೆಯಬೇಕು ಅನ್ನುವವರೆಗೆ ಹೋದ. ಆಕಡೆ ವಸಾಹತುಶಾಹಿ ಫ್ರೆಂಚರು ಅದೇ ಸಾಲುಗಳನ್ನು ಹಿಡಿದು, ನೋಡಿ ಅರಬರಲ್ಲೇ ಒಬ್ಬ ಒಪ್ಪಿಕೊಂಡಿದ್ದಾನೆ ಅಂದರು. ಒಬ್ಬರಿಗೆ ಅವನು ಮನೆಹಾಳ, ಇನ್ನೊಬ್ಬರಿಗೆ ಮನೆಯೊಳಗಿನ ಸಾಕ್ಷಿ. ಆ ಸಾಲು ನಿಜವೋ ಸುಳ್ಳೋ ಅಂತ ನೋಡುವ ತೊಂದರೆ ಇಬ್ಬರೂ ತೆಗೆದುಕೊಳ್ಳಲಿಲ್ಲ.

ನನ್ನ ಸಿಟ್ಟಿನ ಬೇರು ಇಲ್ಲಿದೆ. ನಮ್ಮವರನ್ನು ಬೈದರೆ ನೀನು ನಮ್ಮವನೇ ಅಲ್ಲ, ಹೊಗಳಿದರೆ ನಿನ್ನ ರಕ್ತವೇ ದೊಡ್ಡದು. ಈ ನಿಯಮ ಒಪ್ಪಿಬಿಟ್ಟರೆ ಯಾವ ಮನುಷ್ಯನೂ ತನ್ನ ಮನೆಯ ಬಗ್ಗೆ ಒಂದು ನಿಜ ಹೇಳಲಾರ. ಹೇಳಿದ ಕ್ಷಣ ಮನೆಯಿಂದ ಹೊರಗೆ ಬಿದ್ದಿರುತ್ತಾನೆ. ಇಬ್ನ್ ಖಲ್ದೂನ್ ತನ್ನ ಮನೆಯೊಳಗೆ ನಿಂತುಕೊಂಡೇ ಆ ಮನೆಯ ಪಟ್ಟಿಯಲ್ಲಿ ಹತ್ತು ಹೆಸರು ಕಡಿಮೆ ಇವೆ ಅಂದ. ಕೈರೋದಲ್ಲಿ ನ್ಯಾಯಾಧೀಶನಾದಾಗಲೂ ತನ್ನ ಪಶ್ಚಿಮದ ನಾಡಿನ ಉಡುಪು ಬಿಡಲಿಲ್ಲ. 1401ರಲ್ಲಿ ದಮಾಸ್ಕಸ್ ಹೊರಗೆ ತೈಮೂರನ ಮುಂದೆ ಕೂತಾಗ ಅವನಿಗೆ 68 ವರ್ಷ. ಎದುರಿಗೆ ಕೂತ ತೈಮೂರ್ ಜಗತ್ತನ್ನೇ ನಡುಗಿಸಿದವನು, ಆದರೆ ಚೆಂಗಿಸ್ ಖಾನನ ವಂಶದವನಲ್ಲ ಅಂತ ‘ಖಾನ್’ ಅಂತ ಕರೆದುಕೊಳ್ಳಲಾಗದೆ, ಆ ವಂಶದ ಒಬ್ಬನನ್ನು ಗೊಂಬೆಯಂತೆ ಕೂರಿಸಿಕೊಂಡು, ತಾನು ಆ ಮನೆಯ ‘ಅಳಿಯ’ ಅನ್ನುವ ಬಿರುದು ಹೊತ್ತಿದ್ದವನು. ಆ ಡೇರೆಯಲ್ಲಿ ವಂಶದ ಬೆಲೆ ಎಷ್ಟು ಅಂತ ಇಬ್ಬರಿಗೂ ಚೆನ್ನಾಗಿ ಗೊತ್ತಿದ್ದಿರಬೇಕು.

ಇಬ್ನ್ ಖಲ್ದೂನ್ ತೀರಿಕೊಂಡದ್ದು 1406ರಲ್ಲಿ, ಕೈರೋದಲ್ಲಿ. ಟ್ಯೂನಿಸ್‌ನ ದೊಡ್ಡ ಬೀದಿಯಲ್ಲಿ ಅವನ ಪ್ರತಿಮೆ ಇದೆ. ಕೈಯಲ್ಲಿರುವುದು ಪುಸ್ತಕ, ವಂಶಾವಳಿಯಲ್ಲ.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲಿ ಒಂದು ವಿನಂತಿ. ಮನೆಯಲ್ಲಿ ವಂಶಾವಳಿಯ ಹಾಳೆ ಇದ್ದರೆ ತೆಗೆದು ನೂರಕ್ಕೆ ಮೂರರ ಲೆಕ್ಕ ಹಾಕಿ ನೋಡಿ. ಎಷ್ಟು ಹೆಸರು ಕಡಿಮೆ ಬಿದ್ದವು, ಎಷ್ಟು ಹೆಂಗಸರ ಹೆಸರಿದೆ, ಬಂದು ತಿಳಿಸಿ. ನಮ್ಮ ಮನೆಯದ್ದು ನಾನು ಆಗಲೇ ಹೇಳಿದ್ದೇನೆ. ಅಮ್ಮ ಮಾತ್ರ ನಿನ್ನೆ ಮತ್ತೆ ಫೋನ್ ಮಾಡಿ, ಊರಲ್ಲಿ ಇನ್ನೂ ಬದುಕಿರುವ ದೊಡ್ಡಮ್ಮ ಒಬ್ಬರಿದ್ದಾರೆ, ಅವರನ್ನು ಕೇಳಿ ನೋಡ್ತೀನಿ ಅಂದಿದ್ದಾಳೆ. ಹೆಸರು ಸಿಕ್ಕರೆ ಹಾಳೆಯಲ್ಲಿ ಬರೆಯುತ್ತೇನೆ. ಅಜ್ಜ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಆ ಗೆಳೆಯರಿಬ್ಬರಿಗೂ ಪುಸ್ತಕ ಕೊಡುತ್ತೇನೆ ಅಂದಿದ್ದೇನೆ. ಇನ್ನೂ ಯಾರೂ ಬಂದಿಲ್ಲ.